ಮೈಕಿನವನ ಬಾಯಿ, ಬೌಲರನ ಸೊಂಟ

ಈ ಮಾತನ್ನು ಹೇಳಿಬಿಡಬೇಕೆಂದು ಕಳೆದ ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಮಳೆಗಾಲ ಬರಲಿ, ಆಗ ಪುರುಸೊತ್ತು ಸಿಗುತ್ತದೆ ಎಂದುಕೊಂಡೆ. ಮಳೆಗಾಲ ಬಂತು, ಪುರುಸೊತ್ತೂ ಸಿಕ್ಕಿತು, ಮಾತು ಮಾತ್ರ ಬರಲಿಲ್ಲ. ಚೌತಿ ಕಳೆಯಲಿ ಎಂದೆ, ದೀಪಾವಳಿ ಕಳೆಯಲಿ ಎಂದೆ. ಈಗ ನಮ್ಮೂರ ಗದ್ದೆಯ ಕೊಯ್ಲು ಮುಗಿದು ಹುಡುಗರು ಪಿಚ್ಚಿಗೆ ಮಣ್ಣು ಹಾಕಿ, ನೀರು ಬಿಟ್ಟು, ರೋಲರ್ ಎಳೆಯುತ್ತಿದ್ದಾರೆ. ಇನ್ನೂ ಸುಮ್ಮನಿದ್ದರೆ ಮತ್ತೊಂದು ಪಂದ್ಯಾಟ ಬಂದುಬಿಡುತ್ತದೆ. ತಪ್ಪು ಒಪ್ಪಿಕೊಳ್ಳುವುದು ಹಲ್ಲು ಕೀಳಿಸಿಕೊಂಡ ಹಾಗೆ. ನೋವು ಸ್ವಲ್ಪ ಕಡಿಮೆಯಾದ ದಿನ ಇವತ್ತೇ ಯಾಕೆ ಅನ್ನಿಸುತ್ತದೆ, ನೋವು ಜೋರಾದ ದಿನ ಧೈರ್ಯ ಇರುವುದಿಲ್ಲ. ನನ್ನ ಬಾಯಲ್ಲಿ ಈಗ ಹೆಚ್ಚು ಹಲ್ಲು ಉಳಿದಿಲ್ಲವಾದ್ದರಿಂದ ಈ ಹೋಲಿಕೆಯನ್ನು ಅನುಭವದಿಂದಲೇ ಕೊಡುತ್ತಿದ್ದೇನೆ ಎಂದು ನಂಬಬಹುದು.

ಆದರೆ ಅದಕ್ಕೂ ಮೊದಲು ಒಂದು ಸಂತೋಷದ ವಿಷಯ. ಈ ವರ್ಷ ಗೆಲ್ಲುವುದು ನಾವೇ. ನಾವು ಅಂದರೆ ಪಡುಗದ್ದೆ ಫ್ರೆಂಡ್ಸ್, ಕಾಪುವಿನಲ್ಲಿ ಹೆದ್ದಾರಿ ಬಿಟ್ಟು ಒಳಗೆ ಹೋದರೆ ಸಿಗುವ ನಮ್ಮ ಊರಿನ ಅಂಡರ್ ಆರ್ಮ್ ಕ್ರಿಕೆಟ್ ತಂಡ. ನಮ್ಮ ಕಡೆಯ ಎಲ್ಲ ತಂಡಗಳ ಹೆಸರಿನಲ್ಲೂ ಫ್ರೆಂಡ್ಸ್ ಎಂದು ಇರುತ್ತದೆ, ಒಳಗೆ ಎಷ್ಟು ಮಂದಿ ಪರಸ್ಪರ ಮಾತಾಡುತ್ತಾರೆ ಎಂದು ಮಾತ್ರ ಕೇಳಬಾರದು. ಊರಿಗೆ ಒಂದು ವಾಲಿಬಾಲ್ ತಂಡವೂ ಇದೆ, ನೆಟ್ ಹರಿದಂದಿನಿಂದ ಅದು ವಿಶ್ರಾಂತಿಯಲ್ಲಿದೆ. ಹೆಂಗಸರ ಹಗ್ಗಜಗ್ಗಾಟದ ತಂಡವೊಂದಿದೆ, ಅದು ಕಾರ್ಕಳದವರೆಗೂ ಹೋಗಿ ಗೆದ್ದು ಬಂದ ತಂಡ. ಹಗ್ಗದ ಕೊನೆಯ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ನಿಲ್ಲುತ್ತಿದ್ದವಳು ನನ್ನ ಹೆಂಡತಿ ಸುಮತಿ. ಅವಳು ಒಮ್ಮೆ ಕಾಲೂರಿದಳೆಂದರೆ ಎದುರಿನವರು ಹಗ್ಗ ಎಳೆಯುತ್ತಿದ್ದೇವೋ ತೆಂಗಿನಮರ ಎಳೆಯುತ್ತಿದ್ದೇವೋ ಎಂದು ಗೊಂದಲಕ್ಕೆ ಬೀಳುತ್ತಿದ್ದರು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನನಗೂ ಆ ಗೊಂದಲ ಅನೇಕ ಸಲ ಆಗಿದೆ.

ಸೋತ ಮೇಲೆ "ಮುಂದಿನ ವರ್ಷ ನೋಡೋಣ" ಎನ್ನುವವನು ಸಾಮಾನ್ಯ ಅಭಿಮಾನಿ. ನಾನು ಹಾಗಲ್ಲ, ಸೋಲುತ್ತಿರುವಾಗಲೇ ಮುಂದಿನ ವರ್ಷದ ತಂಡವನ್ನು ಮನಸ್ಸಿನಲ್ಲಿ ಆರಿಸಿ ಮುಗಿಸಿರುತ್ತೇನೆ. ನಮಗೆ ಎದುರಾಳಿಗಳೆಂದರೆ ಕಾರ್ಕಳದ ಕಡೆಯ ಬಂಡೆಕಲ್ಲು ಫ್ರೆಂಡ್ಸ್. ಹೆಸರಿಗೆ ತಕ್ಕಂತೆ ಅವರ ಊರಿನಲ್ಲಿ ನೆಲವೆಲ್ಲ ಪಾರೆ, ಬರೀ ಕಲ್ಲು. ಅದರ ಮೇಲೆ ಬಿದ್ದು ಎದ್ದು ಬೆಳೆದವರಿಗೆ ನೋವು ಎಂದರೆ ಏನೆಂದು ಗೊತ್ತಿಲ್ಲ. ನಮ್ಮವರು ಗದ್ದೆಯ ಮೆತ್ತನೆಯ ಮಣ್ಣಿನವರು, ಬಿದ್ದರೆ ಬಟ್ಟೆ ಕೊಳೆಯಾಯಿತಲ್ಲ ಎಂದು ನೋಡಿಕೊಳ್ಳುತ್ತಾರೆ. ಆದರೂ ಆಟದಲ್ಲಿ ನಾವೇ ಮೇಲು. ಗೆಲ್ಲುವುದು ಅವರು ಎನ್ನುವುದು ಬೇರೆ ವಿಷಯ.

ನಾನು ಆಟಗಾರನಲ್ಲ. ಹತ್ತನೇ ತರಗತಿ ಮುಗಿಸಿ ಖಾಸಗಿ ಬಸ್ಸಿನ ಕಂಡಕ್ಟರ್ ಆದವನು. ಕಾರ್ಕಳದಿಂದ ನಿಟ್ಟೆ, ಬೆಳ್ಮಣ್, ನಂದಿಕೂರು, ಪಡುಬಿದ್ರಿ, ಕಾಪು ಮೇಲೆ ಉಡುಪಿಗೆ ಹೋಗುವ ಬಸ್ಸು. ಕೂಗಿ ಕೂಗಿ ನನ್ನ ಗಂಟಲು ಎಷ್ಟು ಗಟ್ಟಿಯಾಯಿತೆಂದರೆ ಮನೆಯಲ್ಲಿ ಉಪ್ಪು ಕೇಳಿದರೆ ಪಕ್ಕದ ಮನೆಯಿಂದ ಉಪ್ಪು ಬರುತ್ತಿತ್ತು. ಕೆಲಸ ಬಿಟ್ಟ ಮೇಲೆ ಆ ಗಂಟಲು ಹಾಳಾಗಬಾರದೆಂದು ಹುಡುಗರು ನನ್ನ ಕೈಗೆ ಮೈಕ್ ಕೊಟ್ಟರು. ಅಂದಿನಿಂದ ನಮ್ಮ ಪಂದ್ಯಾಟಗಳಿಗೆಲ್ಲ ವೀಕ್ಷಕ ವಿವರಣೆ ನನ್ನದೇ. ಊರಿನಲ್ಲಿ ನಾವೆಲ್ಲ ಮಾತಾಡುವುದು ತುಳು. ಆದರೆ ಮೈಕ್ ಕೈಗೆ ಬಂದ ಕೂಡಲೇ ನನ್ನ ಬಾಯಿಗೆ ಕನ್ನಡ ಬರುತ್ತದೆ, ಅದೂ ಶಾಲೆಯ ಭಾಷಣ ಸ್ಪರ್ಧೆಯ ಕನ್ನಡ. ಬೇರೆ ವಿವರಣೆಕಾರರು ಆಟಗಾರನ ಹೆಸರು ಹೇಳಿ ಸುಮ್ಮನಾಗುತ್ತಾರೆ. ನಾನು ಅವನ ಮನೆ, ತಾಯಿ, ಕೆಲಸ, ಇಳಿಯುವ ಸ್ಟಾಪು ಎಲ್ಲ ಹೇಳುತ್ತೇನೆ. ಬಸ್ಸಿನಲ್ಲಿ ಕಂಡ ಮುಖಗಳು, ಯಾವುದೂ ಮರೆಯುವುದಿಲ್ಲ. ಈ ವಿಷಯದಲ್ಲಿ ನನಗೆ ಸ್ವಲ್ಪ ಹೆಮ್ಮೆಯೇ ಇತ್ತು. ಇತ್ತು ಎಂದು ಯಾಕೆ ಹೇಳಿದೆ ಎನ್ನುವುದು ಮುಂದೆ ಗೊತ್ತಾಗುತ್ತದೆ.

ಅಂಡರ್ ಆರ್ಮ್ ಆಟ ನೋಡದವರಿಗೆ ಒಂದು ಮಾತು. ಇದರಲ್ಲಿ ಬೌಲರನ ಕೈ ಸೊಂಟದಿಂದ ಮೇಲೆ ಬರುವಂತಿಲ್ಲ. ಓಡಿ ಬಂದು, ನೆಲ ಮುಟ್ಟುವ ಹಾಗೆ ಬಗ್ಗಿ, ಟೆನಿಸ್ ಚೆಂಡನ್ನು ಕೆಳಗಿನಿಂದಲೇ ಬೀಸಬೇಕು. ಹಾಗಾಗಿ ಬೌಲಿಂಗಿನ ವಿದ್ಯೆಯೆಲ್ಲ ಇರುವುದು ಸೊಂಟದಲ್ಲಿ. ನಮ್ಮ ಪ್ರಶಾಂತನ ಸೊಂಟ ದೇವರು ಪುರುಸೊತ್ತಿನಲ್ಲಿ ಮಾಡಿದ್ದು. ಅವನು ಬಗ್ಗಿ ಬಿಟ್ಟ ಚೆಂಡು ಹಾವಿನ ಹಾಗೆ ನೆಲ ಹಿಡಿದು ಬಂದು, ಬ್ಯಾಟಿನ ಹತ್ತಿರ ಬಂದ ಮೇಲೆ ಯಾವ ಕಡೆಗೆ ಹೋಗಬೇಕೆಂದು ಯೋಚಿಸುತ್ತದೆ. ಅಂಥ ಚೆಂಡನ್ನು ಹಿಡಿಯಲು ವಿಕೆಟ್ಟಿನ ಹಿಂದೆ ಕೂಡ ಒಬ್ಬ ಮನುಷ್ಯ ಬೇಕು. ಆ ಮನುಷ್ಯ ನಮ್ಮಲ್ಲಿದ್ದ. ನಂದಿಕೂರು ರಸ್ತೆಯಲ್ಲಿ ವೆಲ್ಡಿಂಗ್ ಶಾಪ್ ಇಟ್ಟುಕೊಂಡವನು. ಊರಿಗೆಲ್ಲ ಅವನು ಕೀಪರ್. ಅವನ ತಾಯಿ ಕೂಡ ಊಟಕ್ಕೆ ಕರೆಯುವಾಗ ಹಾಗೆಯೇ ಕರೆಯುತ್ತಾರೋ ಎಂದು ನನಗೆ ಅನುಮಾನ. ಮಾತು ಕಡಿಮೆ. ಸ್ಟಂಪಿಗೆ ಅಂಟಿಕೊಂಡು ಕೂತು, ಪ್ರಶಾಂತನ ಚೆಂಡು ಎಲ್ಲಿಗೆ ಹೋಗುತ್ತದೆಂದು ಚೆಂಡಿಗಿಂತ ಮೊದಲೇ ತಿಳಿದುಕೊಳ್ಳುತ್ತಿದ್ದ.

ಕಳೆದ ವರ್ಷದ ಪಂದ್ಯಾಟ ನಮ್ಮದೇ ಗದ್ದೆಯಲ್ಲಿ ನಡೆಯಿತು. ಈಗ ಪಂದ್ಯಾಟವೆಂದರೆ ಯೂಟ್ಯೂಬಿನಲ್ಲಿ ಲೈವ್ ಹೋಗಲೇಬೇಕು, ದುಬೈಯಲ್ಲಿರುವ ನಮ್ಮೂರವರು ಅಲ್ಲಿಂದಲೇ ನೋಡಿ ಅಂಪಾಯರನ್ನು ಬೈಯಬೇಕು. ಕ್ಯಾಮೆರಾದವರು ನನ್ನ ಮೈಕಿನ ತಂತಿಯನ್ನು ಅವರ ಪೆಟ್ಟಿಗೆಗೆ ಸಿಕ್ಕಿಸಿದಾಗ ನನಗೆ ರೋಮಾಂಚನವಾಯಿತು. ಇಷ್ಟು ವರ್ಷ ಕಾರ್ಕಳದಿಂದ ಉಡುಪಿಯವರೆಗೆ ಕೇಳಿಸಿದ ಸ್ವರ ಇನ್ನು ಸಮುದ್ರ ದಾಟುತ್ತದೆ ಎಂದುಕೊಂಡೆ. ಶನಿವಾರ ಮಧ್ಯಾಹ್ನ ಪ್ರಶಾಂತ ಚೆಂಡು ಕೈಗೆ ತೆಗೆದುಕೊಂಡ. ನಾನು ಎದ್ದು ನಿಂತೆ. ಅಂದು ಹೇಳಿದ್ದನ್ನು ಒಂದಕ್ಷರ ಬಿಡದೆ ಇಲ್ಲಿ ಬರೆಯುತ್ತೇನೆ, ನನಗೆ ಅದು ಬಾಯಿಪಾಠ.

"ಬೌಲಿಂಗ್ ದಾಳಿಗೆ ಇಳಿಯುತ್ತಿದ್ದಾರೆ ನಮ್ಮೂರಿನ ಹೆಮ್ಮೆಯ ಪ್ರಶಾಂತ್! ಮೇಲಿನ ಮನೆಯ ಲೀಲಕ್ಕನವರ ಕಿರಿಯ ಮಗ. ಮಣಿಪಾಲದ ಗೋದಾಮಿನಲ್ಲಿ ಉದ್ಯೋಗ, ಇಳಿಯುವುದು ಟೈಗರ್ ಸರ್ಕಲ್! ನೋಡಿ ಮಹನೀಯರೇ, ಆ ಸೊಂಟವನ್ನು ನೋಡಿ! ಬೆತ್ತದ ಹಾಗೆ ಬಗ್ಗುತ್ತದೆ, ಬಿಲ್ಲಿನ ಹಾಗೆ ಏಳುತ್ತದೆ! ಕೆಲಸಕ್ಕೆ ರಜೆ ಹಾಕಿ ಬೆಳಗ್ಗೆ ಸಂಜೆ ಅಭ್ಯಾಸ ಮಾಡಿದ ಸೊಂಟ ಇದು! ಇಂಥ ಸೊಂಟ ಉಡುಪಿ ಜಿಲ್ಲೆಯಲ್ಲಿ ಇನ್ನೊಂದು ಇದ್ದರೆ ತೋರಿಸಿ, ನಾನು ಮೈಕ್ ಇಟ್ಟು ಮನೆಗೆ ಹೋಗುತ್ತೇನೆ!"

ಎದುರಿನವರ ವಿಕೆಟುಗಳು ತರಗೆಲೆಯ ಹಾಗೆ ಉದುರಿದವು. ಒಂದೊಂದು ವಿಕೆಟಿಗೂ ನಾನು ಸೊಂಟದ ಬಗ್ಗೆ ಒಂದೊಂದು ಹೊಸ ಉಪಮೆ ಕೊಟ್ಟೆ. ನಾವು ಫೈನಲಿಗೆ ಹೋದೆವು. ಮರುದಿನ ಬಂಡೆಕಲ್ಲಿನವರ ಎದುರು ಆಟ.

ಮನೆಗೆ ಬಂದು ಕಾಲು ತೊಳೆದವನೇ ಮೊಬೈಲ್ ಹಿಡಿದು ಕೂತೆ. ನನ್ನ ವಿವರಣೆಯನ್ನು ನಾನೇ ಕೇಳುವುದು ನನ್ನ ಒಂದು ಗುಟ್ಟಿನ ಚಟ. ವಿಡಿಯೋದ ಕೆಳಗೆ ಜನ ಬರೆಯುವ ಅಭಿಪ್ರಾಯಗಳಲ್ಲಿ ಬ್ಯಾಟು, ಚೆಂಡು, ಅಂಪಾಯರನ ಕಣ್ಣು ಎಲ್ಲದರ ಬಗ್ಗೆ ಇರುತ್ತದೆ, ವಿವರಣೆಯ ಬಗ್ಗೆ ಒಂದು ಮಾತೂ ಇರುವುದಿಲ್ಲ. ಅಂದು ಇತ್ತು. ಕಪ್ಪು ಕನ್ನಡಕ ಹಾಕಿ ಕಂಬಳದ ಕೋಣದ ಕುತ್ತಿಗೆಗೆ ಕೈ ಹಾಕಿ ನಿಂತ ಒಬ್ಬ ಮಹಾನುಭಾವರ ಚಿತ್ರ, ಪಕ್ಕದಲ್ಲಿ ಹೀಗೆ ಬರೆದಿತ್ತು: "ಸೊಂಟದ ಕುರಿತು ತಾವು ಕೊಟ್ಟ ಮಾಹಿತಿ ಬಹಳ ಉಪಯುಕ್ತವಾಯಿತು. ಧನ್ಯವಾದಗಳು."

ನಾನು ಅದನ್ನು ಸುಮತಿಗೆ ಓದಿ ಹೇಳಿದೆ. ಅವಳು ಮೀನು ಕೊಯ್ಯುತ್ತಿದ್ದಳು.

"ಉಪಯುಕ್ತ ಆಗ್ಲಿಕ್ಕೆ ಅದೆಂತ ಕಷಾಯವಾ?" ಎಂದಳು.

"ನಿನಗೆ ಗೊತ್ತಾಗುದಿಲ್ಲ. ಕಲೆಗೆ ಬೆಲೆ ಕೊಡುವವರು ಎಲ್ಲೋ ಒಬ್ಬರು ಇರ್ತಾರೆ."

"ನಮ್ಮ ಹಗ್ಗದ ಟೀಮಿಗೆ ಮೈಕೇ ಇರ್ಲಿಲ್ಲ. ಅದಕ್ಕೇ ಗೆದ್ದೆವು," ಎಂದು ಅವಳು ಬಂಗುಡೆಯ ತಲೆಯನ್ನು ಬೇರೆ ಮಾಡಿದಳು.

ಭಾನುವಾರ ಬೆಳಗ್ಗೆ ಗದ್ದೆಗೆ ಹೋದರೆ ಪ್ರಶಾಂತನಿಲ್ಲ. ನಾಯಕ ದಿನೇಶ, ಅವನು ಕಾಪುವಿನಲ್ಲಿ ಎಲೆಕ್ಟ್ರಿಕಲ್ ಅಂಗಡಿಯವನು, ಫೋನು ಕಿವಿಗಿಟ್ಟುಕೊಂಡು ಗದ್ದೆಯ ಬದುವಿನ ಮೇಲೆ ಆಚೆಯಿಂದ ಈಚೆಗೆ ನಡೆಯುತ್ತಿದ್ದ. ಗೋದಾಮಿನ ಮ್ಯಾನೇಜರ್ ಪ್ರಶಾಂತನನ್ನು ಅರ್ಜೆಂಟಾಗಿ ಕರೆಸಿಕೊಂಡಿದ್ದಾನೆ, ಲೋಡ್ ಬಂದಿದೆಯಂತೆ, ಬರದಿದ್ದರೆ ಸೋಮವಾರದಿಂದ ಬರುವುದೇ ಬೇಡವಂತೆ. ಪ್ರಶಾಂತ ತಂಗಿಯ ಮದುವೆಗೆ ಸಾಲ ಮಾಡಿಕೊಂಡ ಹುಡುಗ, ಹೋಗದೆ ಇರುವ ಹಾಗಿರಲಿಲ್ಲ. ಅವನಿಲ್ಲದೆ ನಾವು ಫೈನಲ್ ಆಡಿದೆವು. ಆಟದ ವಿವರ ಕೊಡುವುದಿಲ್ಲ. ನಾನು ಮೈಕಿನಲ್ಲಿಯೂ ಹೆಚ್ಚು ಕೊಡಲಿಲ್ಲ. ಕೊನೆಗೆ ಬಂಡೆಕಲ್ಲಿನವರು ಆಳೆತ್ತರದ ಟ್ರೋಫಿಯನ್ನು ಟೆಂಪೋಗೆ ಹತ್ತಿಸುವಾಗ ಅದು ಹಿಡಿಸಲಾರದೆ, ನಮ್ಮ ಹುಡುಗರೇ ಹೋಗಿ ಓರೆ ಮಾಡಿ ಹತ್ತಿಸಿಕೊಟ್ಟರು. ಅಂಥ ಸಂಸ್ಕಾರವಂತ ತಂಡ ನಮ್ಮದು.

ಸಂಜೆ ಕ್ಲಬ್ಬಿನ ಜಗಲಿಯಲ್ಲಿ ಎಲ್ಲರೂ ಕೂತಿದ್ದಾಗ ಪ್ರಶಾಂತ ಬಂದ. ಬಂದ ಎನ್ನುವುದಕ್ಕಿಂತ ಅವನನ್ನು ಇಬ್ಬರು ಹಿಡಿದು ತಂದರು. ಇಡೀ ದಿನ ಪೆಟ್ಟಿಗೆ ಹೊತ್ತು ಸೊಂಟ ನಿಜಕ್ಕೂ ಹಿಡಿದುಬಿಟ್ಟಿತ್ತು. ಅವನು ಕಂಬಕ್ಕೆ ಒರಗಿ ನಡೆದದ್ದನ್ನು ಹೇಳಿದ. ಪಂದ್ಯಾಟಕ್ಕಾಗಿ ಅವನು ಹಾಕಿದ್ದು ಅನಾರೋಗ್ಯದ ರಜೆ. ಸೊಂಟ ಹಿಡಿದಿದೆ, ಹಾಸಿಗೆಯಿಂದ ಏಳಲಾಗುತ್ತಿಲ್ಲ ಎಂದು ಡಾಕ್ಟರ ಚೀಟಿಯನ್ನೂ ಕೊಟ್ಟಿದ್ದನಂತೆ. ನನಗೆ ರಜೆ ಗೊತ್ತಿತ್ತು, ಸೊಂಟದ ಕಾರಣ ಗೊತ್ತಿರಲಿಲ್ಲ.

"ಬೆಳಗ್ಗೆ ಫೋನ್ ಬಂತು," ಎಂದ ಪ್ರಶಾಂತ. "'ಸೊಂಟ ಹೇಗುಂಟು ಪ್ರಶಾಂತ?' ಕೇಳಿದ್ರು. 'ಏಳ್ಲಿಕ್ಕೇ ಆಗುದಿಲ್ಲ ಸಾರ್' ಹೇಳಿದೆ. 'ಹೌದಾ? ನಿಮ್ಮ ಊರಿನವರೇ ಒಬ್ರು ಬೇರೆ ಥರ ಹೇಳಿದ್ರಲ್ಲ ಮಾರಾಯ. ಉಡುಪಿ ಜಿಲ್ಲೆಯಲ್ಲೇ ಅಂಥ ಸೊಂಟ ಇಲ್ವಂತೆ. ಹಾಗಾದ್ರೆ ಬಾ, ಲೋಡ್ ಬಂದುಂಟು' ಹೇಳಿದ್ರು."

ನನ್ನ ಕೈಯಲ್ಲಿದ್ದ ಚಹಾ ಲೋಟ ನಿಂತಲ್ಲೇ ನಿಂತಿತು.

"ಯಾವ ಊರಿನವ ಆ ಮ್ಯಾನೇಜರ್?" ಎಂದು ದಿನೇಶ ಕೇಳಿದ.

"ಬಂಡೆಕಲ್ಲು. ವಾಟ್ಸಾಪಿನಲ್ಲಿ ಫೋಟೋ ನೋಡಿ, ಕೂಲಿಂಗ್ ಗ್ಲಾಸ್ ಹಾಕಿ ಕೋಣದ ಜೊತೆ ನಿಂತಿದ್ದಾನೆ."

ಮೊಬೈಲು ಕೈಯಿಂದ ಕೈಗೆ ಬಂತು. ನಾನು ನೋಡಿದೆ. ಹಿಂದಿನ ರಾತ್ರಿ ಮಲಗುವ ಮೊದಲು ನಾನು ಕೃತಜ್ಞತೆಯಿಂದ ಮತ್ತೆ ಮತ್ತೆ ನೋಡಿದ ಅದೇ ಕನ್ನಡಕ, ಅದೇ ಕೋಣ. ಕೋಣ ನನ್ನನ್ನೇ ನೋಡುತ್ತಿದ್ದ ಹಾಗಿತ್ತು. ಈಗ ಎಲ್ಲರೂ ನನ್ನ ಕಡೆ ತಿರುಗುತ್ತಾರೆ ಎಂದು ಕಾದೆ. ಜಿಲ್ಲೆಯಲ್ಲೇ ಇಲ್ಲದ ಸೊಂಟ ಎಂದವನು ಇನ್ಯಾರು? ಆದರೆ ಯಾರೂ ತಿರುಗಲಿಲ್ಲ. ದಿನೇಶ ಹೇಳಿದ, "ನಮ್ಮೊಳಗೇ ಯಾರೋ ಫೋನ್ ಮಾಡಿ ಹೇಳಿದ್ದು ಅದು. ಬಂಡೆಕಲ್ಲಿಗೆ ಸಂಬಂಧ ಇದ್ದವರು ಯಾರು ನಮ್ಮಲ್ಲಿ?"

 ಕೀಪರ್ ಮೂಲೆಯಲ್ಲಿ ಕೂತು ಕೈಗವಸಿನ ಹೊಲಿಗೆ ಬಿಚ್ಚಿದ್ದನ್ನು ನೋಡುತ್ತಿದ್ದ. ಅವನ ಹೆಂಡತಿಯ ಮನೆ ಬಂಡೆಕಲ್ಲು. ಶನಿವಾರ ಸಂಜೆ ಅವನು ತೆಂಗಿನಮರದ ಬುಡದಲ್ಲಿ ನಿಂತು ಭಾವನ ಜೊತೆ ಫೋನಿನಲ್ಲಿ ನಗುತ್ತಾ ಮಾತಾಡಿದ್ದನ್ನು ಎಲ್ಲರೂ ಕಂಡಿದ್ದರು. ಕೀಪರ್ ನಕ್ಕದ್ದು ಅಪರೂಪವಾದ್ದರಿಂದ ಎಲ್ಲರಿಗೂ ನೆನಪಿತ್ತು. ಆದರೂ ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಆಗ ದಿನೇಶ ನನ್ನ ಕಡೆ ನೋಡಿ, "ಕಂಡಕ್ಟ್ರಣ್ಣ, ದೊಡ್ಡವರು ನೀವು. ನೀವೆಂತ ಹೇಳ್ತೀರಿ?" ಎಂದ.

ನಾನು ಹೇಳಬೇಕಾದದ್ದು ಬಹಳ ಸಣ್ಣ ಮಾತು. "ಅದು ನಾನು ಮಾರಾಯ" ಎಂದರೆ ಮುಗಿಯುತ್ತಿತ್ತು. ಇಷ್ಟು ವರ್ಷ ಮೈಕ್ ಹಿಡಿದ ಬಾಯಿ ಇದು, ಎಲ್ಲರ ಮನೆಯ ವಿಷಯವನ್ನು ಕೇಳದೆ ಹೇಳಿದ ಬಾಯಿ. ಅದು ಆಗ ಹೇಳಿದ್ದು, "ಅಳಿಯ ಅಂದ ಮೇಲೆ..." ಎಂದು ಮಾತ್ರ. ಮುಂದೆ ಹೇಳಲಿಲ್ಲ. ಪೂರ್ತಿ ಹೇಳಿದ್ದರೆ ಯಾರಾದರೂ ವಾದ ಮಾಡುತ್ತಿದ್ದರೇನೋ, ಅರ್ಧಕ್ಕೆ ನಿಂತ ಮಾತಿಗೆ ವಾದ ಮಾಡುವುದು ಹೇಗೆ? ಎಲ್ಲರೂ ತಲೆಯಾಡಿಸಿದರು. ಕೀಪರ್ ತಲೆ ಎತ್ತಿ ನನ್ನನ್ನೊಮ್ಮೆ ನೋಡಿದ. ಸಿಟ್ಟಿನಿಂದ ಅಲ್ಲ, ಚೆಂಡು ಯಾವ ಕಡೆಗೆ ತಿರುಗುತ್ತದೆಂದು ನೋಡುವ ಹಾಗೆ ನೋಡಿದ. ಆಮೇಲೆ ಕೈಗವಸನ್ನು ಕಿಟ್ ಬ್ಯಾಗಿನ ಮೇಲೆ ಇಟ್ಟು ಎದ್ದು ಹೋದ.

ಇದರಲ್ಲಿ ಇನ್ನೊಂದು ತಮಾಷೆಯಿದೆ, ಅದನ್ನೂ ಬಚ್ಚಿಡಬಾರದು. ನಮ್ಮ ಸಮುದಾಯದ ಲೆಕ್ಕದಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ನನ್ನ ತಾಯಿ ಹುಟ್ಟಿದ ಮನೆ ಬಂಡೆಕಲ್ಲು. ವರ್ಷಕ್ಕೊಮ್ಮೆ ಅಲ್ಲಿಗೆ ಹೋಗಿ ಕುಟುಂಬದ ದೈವಕ್ಕೆ ಕೈಮುಗಿದು ಬರುವವನು ನಾನು. ಸಂಬಂಧ ನೋಡಿ ಸಂಶಯ ಪಡುವುದಾದರೆ ಕೀಪರ್ ಬರೀ ಅಳಿಯ, ನಾನು ಅಸಲು ಬಂಡೆಕಲ್ಲಿನವನು! ಅದು ಅಲ್ಲಿದ್ದ ಹುಡುಗರಿಗೆ ಗೊತ್ತಿರಲಿಲ್ಲ. ಬಂಡೆಕಲ್ಲಿನವರನ್ನು ನಾನು ಬೈಯುವಷ್ಟು ಜೋರಾಗಿ ಊರಿನಲ್ಲಿ ಬೇರೆ ಯಾರೂ ಬೈಯುವುದಿಲ್ಲ. ಯಾಕೆಂದು ಈಗ ನಿಮಗೆ ಅರ್ಥವಾಗಿರಬಹುದು.

ಹಿಂದಿನ ಕಾಲದಲ್ಲಿ ಒಬ್ಬನನ್ನು ಹೊರಗಿಡಬೇಕಾದರೆ ಪಂಚಾಯಿತಿ ಸೇರಬೇಕಿತ್ತು, ಹಿರಿಯರು ಕೂಗಾಡಬೇಕಿತ್ತು. ಈಗ ಹೆಬ್ಬೆರಳು ಸಾಕು. ಆ ವಾರವೇ ದಿನೇಶ ಕೀಪರನನ್ನು ತಂಡದ ವಾಟ್ಸಾಪ್ ಗ್ರೂಪಿನಿಂದ ತೆಗೆದ. ಯಾರೂ ಯಾಕೆಂದು ಕೇಳಲಿಲ್ಲ. ಕೆಲವರು ಕೈಮುಗಿದ ಚಿತ್ರ ಹಾಕಿದರು. ನಾನೂ ಹಾಕಿದೆ, ಎಲ್ಲರೂ ಹಾಕಿದ್ದಾರಲ್ಲ ಎಂದು. ಪ್ರಶಾಂತನ ಸೊಂಟ ಎಣ್ಣೆ ತಿಕ್ಕಿ ತಿಕ್ಕಿ ಸರಿಯಾಯಿತು, ಕೆಲಸವೂ ಉಳಿಯಿತು. ಆದರೆ ಪಂದ್ಯಾಟಗಳ ಕಾಲ ಮುಗಿಯುವವರೆಗೆ ಅವನಿಗೆ ಶನಿವಾರ ಭಾನುವಾರ ರಜೆಯೇ ಸಿಗಲಿಲ್ಲ. ನಾನು ಮಾತ್ರ ಮೈಕ್ ಹಿಡಿದುಕೊಂಡೇ ಇದ್ದೆ. ನನ್ನ ಮೇಲೆ ಯಾರಿಗೂ ಸಂಶಯ ಬರದೆ ಹೋದದ್ದಕ್ಕೆ ನಾನೇ ಒಂದು ಕಾರಣ ಕಂಡುಕೊಂಡಿದ್ದೆ. ಪ್ರಾಯವಾದವರಿಗೆ ನಮ್ಮೂರಲ್ಲಿ ಇನ್ನೂ ಮರ್ಯಾದೆ ಉಂಟಲ್ಲ, ಹುಡುಗರು ಅನುಮಾನ ಬಂದರೂ ಬಾಯಿ ಬಿಡಲಿಲ್ಲ ಎಂದುಕೊಂಡೆ. ಆ ಮರ್ಯಾದೆಯ ಭಾರದಿಂದ ಎಷ್ಟೋ ದಿನ ಸರಿಯಾಗಿ ನಿದ್ದೆ ಬರಲಿಲ್ಲ.

ಈಗ ಈ ವರ್ಷದ ವಿಷಯಕ್ಕೆ ಬರುತ್ತೇನೆ. ಪ್ರಶಾಂತ ಆ ಗೋದಾಮು ಬಿಟ್ಟು ಉಡುಪಿಯಲ್ಲಿ ಬೇರೆ ಕೆಲಸಕ್ಕೆ ಸೇರಿದ್ದಾನೆ, ಭಾನುವಾರ ರಜೆ ಕೊಡುವ ಪುಣ್ಯಾತ್ಮರು. ಸೊಂಟ ಮೊದಲಿಗಿಂತ ಚೆನ್ನಾಗಿ ಬಗ್ಗುತ್ತಿದೆ, ಇದನ್ನು ನಾನು ಮೆಲ್ಲಗೆ ಹೇಳುತ್ತಿದ್ದೇನೆ. ಬ್ಯಾಟಿಂಗಿನಲ್ಲಿ ದಿನೇಶ ಇದ್ದಾನೆ. ನಿಟ್ಟೆಯ ಹಾಸ್ಟೆಲಿನಲ್ಲಿ ಓದುವ ನಮ್ಮೂರಿನ ಇಬ್ಬರು ಹುಡುಗರು ಬಂದು ಸೇರಿದ್ದಾರೆ, ಚೆಂಡನ್ನು ಗದ್ದೆಯಿಂದಾಚೆ ತೋಡಿಗೆ ಹೊಡೆಯುತ್ತಾರೆ. ಕಾಗದದಲ್ಲಿ ನೋಡಿದರೂ ಗದ್ದೆಯಲ್ಲಿ ನೋಡಿದರೂ ನಮ್ಮನ್ನು ಸೋಲಿಸುವ ತಂಡ ಕಾರ್ಕಳದಲ್ಲೂ ಇಲ್ಲ, ಕಾಪುವಿನಲ್ಲೂ ಇಲ್ಲ. ಒಂದೇ ಒಂದು ತೂತು. ವಿಕೆಟ್ಟಿನ ಹಿಂದೆ ಈಗ ನಿಲ್ಲುವವನು ದಿನೇಶನ ಭಾವಮೈದುನ. ಒಳ್ಳೆಯ ಹುಡುಗ, ಆದರೆ ಪ್ರಶಾಂತನ ಚೆಂಡು ಅವನ ಎರಡು ಕಾಲುಗಳ ನಡುವಿನಿಂದ ಹೆದ್ದಾರಿಯಲ್ಲಿ ಹೋದ ಹಾಗೆ ಹೋಗುತ್ತದೆ. ಅಭ್ಯಾಸದಲ್ಲಿ ಎದುರಿನವರು ಬ್ಯಾಟು ಮುಟ್ಟಿಸದೆಯೇ ಗೆದ್ದರು. ಅದನ್ನು ನೋಡಿ ಮನೆಗೆ ಬಂದ ಮೇಲೆ ನನಗೆ ಊಟ ಸೇರಲಿಲ್ಲ. ಪಶ್ಚಾತ್ತಾಪ ಒಂದು ಕಡೆಯಿಂದ, ಬೈ ರನ್ನುಗಳು ಇನ್ನೊಂದು ಕಡೆಯಿಂದ. ಯಾವುದು ಹೆಚ್ಚು ಚುಚ್ಚಿತೆಂದು ಕೇಳಬೇಡಿ.

ಮರುದಿನವೇ ಬಸ್ಸು ಹತ್ತಿ ನಂದಿಕೂರಿಗೆ ಹೋದೆ. ಕೀಪರ್ ಒಂದು ಗೇಟಿಗೆ ವೆಲ್ಡಿಂಗ್ ಮಾಡುತ್ತಿದ್ದ. ನನ್ನನ್ನು ಕಂಡು ಮುಖದ ಗುರಾಣಿ ಮೇಲೆತ್ತಿದ.

"ಬನ್ನಿ ಕಂಡಕ್ಟ್ರಣ್ಣ, ಕೂತ್ಕೊಳ್ಳಿ. ಆ ಸ್ಟೂಲ್ ಬೇಡ, ಬಿಸಿ ಉಂಟು, ಈಗಷ್ಟೇ ಕಾಲು ಹಚ್ಚಿದ್ದು."

ನಾನು ನಿಂತೇ ಮಾತು ಸುರುಮಾಡಿದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಲಿತುಕೊಂಡು ಬಂದದ್ದು ಬೇರೆ, ಬಾಯಿಂದ ಹೊರಟದ್ದು ಬೇರೆ.

"ಬಂಡೆಕಲ್ಲಿನವರು ನಿನ್ನನ್ನು ಕರೆದ್ರಂತೆ?"

"ಕರೆದ್ರು. ಪ್ರಾಕ್ಟೀಸಿಗೆ ಹೋಗಿ ನೋಡಿದೆ. ಆಗುದಿಲ್ಲ."

"ಯಾಕೆ? ಪಿಚ್ ಸರಿ ಇಲ್ವಾ?" ನನ್ನ ಸ್ವರದಲ್ಲಿದ್ದ ಆಸೆ ನನಗೇ ಕೇಳಿಸಿತು.

"ಪಿಚ್ ಲಾಯ್ಕ್ ಉಂಟು. ಅಲ್ಲಿ ನಾನು ಭಾವ ಅಲ್ವಾ? ಬಾಲ್ ಬಿಟ್ರೆ 'ಪರವಾಗಿಲ್ಲ ಭಾವ' ಹೇಳ್ತಾರೆ. ನಡುವೆ ಎಳನೀರಿನ ಬೊಂಡ ಕೆತ್ತಿ ತಂದು ಕೊಡ್ತಾರೆ. ಬೈಯುವವರು ಯಾರೂ ಇಲ್ಲದಿದ್ರೆ ಕೀಪಿಂಗ್ ಮಾಡುದು ಹೇಗೆ?"

ನನ್ನ ಎದೆಯಲ್ಲಿ ಒಂದು ದೊಡ್ಡ ಸಂತೋಷ ಎದ್ದಿತು, ಅದರ ಹಿಂದೆಯೇ ನಾಚಿಕೆಯೂ ಎದ್ದಿತು. ಈಗ ಹೇಳಿಬಿಡಬೇಕು ಎಂದು ಗಂಟಲು ಸರಿಮಾಡಿಕೊಂಡೆ. "ಕಳೆದ ವರ್ಷ ಆದದ್ದು ಉಂಟಲ್ಲ ಮಾರಾಯ, ಆ ಸೊಂಟದ ವಿಷಯ..."

"ಗೊತ್ತುಂಟು," ಎಂದ ಕೀಪರ್. "ಶನಿವಾರದ ವಿಡಿಯೋ ನೋಡಿದ್ದೇನೆ."

"ಯಾವಾಗ?"

"ಆಗಲೇ. ಗ್ರೂಪಿನಿಂದ ತೆಗೆದ ಮೇಲೆ ಪುರುಸೊತ್ತು ಇತ್ತಲ್ಲ. ಪೂರ್ತಿ ನೋಡಿದೆ. ಕೆಳಗೆ ಕೋಣದವ ಬರೆದದ್ದನ್ನೂ ಓದಿದೆ."

"ಪೂರ್ತಿ? ಸುರುವಿಂದ ಕೊನೆವರೆಗೆ?"

"ಹೌದು. ಸೌಂಡ್ ಇಟ್ಟು."

ಇಲ್ಲಿ ಯಾವ ಮನುಷ್ಯನಾದರೂ ಕೈಮುಗಿಯುತ್ತಿದ್ದ. ನನ್ನ ಬಾಯಿಂದ ಬಂದ ಮಾತನ್ನು ಬರೆಯಲು ನಾಚಿಕೆಯಾಗುತ್ತದೆ. ನಾನು ಕೇಳಿದೆ, "ವಿವರಣೆ ಹೇಗಿತ್ತು?"

ಕೀಪರ್ ಸ್ವಲ್ಪ ಯೋಚಿಸಿದ. "ಲಾಯ್ಕ್ ಇತ್ತು. ಸೊಂಟದ್ದು ಸ್ವಲ್ಪ ಜಾಸ್ತಿ ಆಯ್ತು."

"ಗೊತ್ತಿದ್ದೂ ನೀನು ಯಾಕೆ ಯಾರಿಗೂ ಹೇಳ್ಲಿಲ್ಲ?"

"ಎಂತ ಹೇಳುದು ಕಂಡಕ್ಟ್ರಣ್ಣ? ನನಗೆ ಶಾಪ್ ಆದ್ರೂ ಉಂಟು. ನಿಮಗೆ ಮೈಕ್ ಬಿಟ್ರೆ ಎಂತ ಉಂಟು?"

ರಸ್ತೆಯಲ್ಲಿ ಪವರ್ ಪ್ಲಾಂಟಿನ ಕಡೆಗೆ ಲಾರಿಯೊಂದು ಹೋಯಿತು.  ನನಗೆ ಒಂದು ಸಂಶಯ ಮಾತ್ರ ಉಳಿದಿತ್ತು.

"ಆದ್ರೆ ಬೇರೆಯವರು ಯಾಕೆ ಬಾಯಿ ಬಿಡ್ಲಿಲ್ಲ? ಅದೇ ಸೊಂಟ, ಅದೇ ಜಿಲ್ಲೆ, ನಾನು ಹೇಳಿದ್ದನ್ನೇ ಅಲ್ವಾ ಮ್ಯಾನೇಜರ್ ಹೇಳಿದ್ದು? ಪ್ರಾಯ ಆದವ ಅಂತ ಮರ್ಯಾದೆಯಾ?"

ಕೀಪರ್ ನನ್ನನ್ನು ಕನಿಕರದಿಂದ ನೋಡಿದ. ಕ್ಯಾಚ್ ಕೈಬಿಟ್ಟ ಮೇಲೆ ಬೌಲರನನ್ನು ನೋಡುವ ಹಾಗೆ.

"ಮೈಕ್ ಯಾರು ಕೇಳ್ತಾರೆ ಕಂಡಕ್ಟ್ರಣ್ಣ?"

ಇಡೀ ಒಂದು ವರ್ಷ ನಾನು ಮರ್ಯಾದೆ ಎಂದು ಹೊತ್ತುಕೊಂಡು ತಿರುಗಿದ್ದು ಇದನ್ನು! ಎಷ್ಟೋ ವರ್ಷಗಳಿಂದ ಗದ್ದೆಯ ನಾಲ್ಕೂ ಮೂಲೆಗೆ ಕೇಳಿಸುವ ಹಾಗೆ ಕೂಗಿದ್ದೇನೆ. ಅದು ಜನರ ಕಿವಿಗೆ ಗಾಳಿಯ ಸದ್ದಿನ ಹಾಗೆ, ಜನರೇಟರಿನ ಸದ್ದಿನ ಹಾಗೆ. ನನ್ನ ತಪ್ಪು ಮುಚ್ಚಿಹೋದದ್ದು ನನ್ನ ದೊಡ್ಡತನದಿಂದಲ್ಲ, ನನ್ನ ಮಾತಿಗೆ ಯಾರೂ ಕಿವಿ ಕೊಡದ್ದರಿಂದ. ಕೇಳಿದವರು ಇಬ್ಬರೇ. ಒಬ್ಬ ಕೋಣದವನು, ಅವನಿಂದ ಪ್ರಶಾಂತನ ಸೊಂಟ ಹೋಯಿತು. ಇನ್ನೊಬ್ಬ ಇವನು, ನನ್ನಿಂದ ಇವನ ಮಾನ ಹೋಯಿತು.

ಆದರೂ ಅಭಿಮಾನಿ ಸಾಯುವುದಿಲ್ಲ ನೋಡಿ. ಹೊರಡುವಾಗ ಕೇಳಿಯೇಬಿಟ್ಟೆ. "ಈ ಸಲ ನಮ್ಮಲ್ಲಿ ನಿಲ್ತೀಯಾ? ಕರೆದ್ರೆ?"

"ಕರೆದ್ರೆ ಬರ್ತೇನೆ. ಆದ್ರೆ ಕರೀಲಿಕ್ಕೆ, ತೆಗೆದದ್ದು ತಪ್ಪು ಅಂತ ದಿನೇಶಣ್ಣನಿಗೆ ಗೊತ್ತಾಗ್ಬೇಕಲ್ಲ. ಅದನ್ನು ನಾನು ಹೇಳುದಿಲ್ಲ." ಅಷ್ಟು ಹೇಳಿ ಗುರಾಣಿ ಕೆಳಗಿಳಿಸಿದ. ಕಿಡಿ ಹಾರತೊಡಗಿತು, ನಾನು ದೂರ ಸರಿಯಬೇಕಾಯಿತು.

ಹಿಂತಿರುಗುವ ಬಸ್ಸಿನಲ್ಲಿ ಕೂತು ಯೋಚಿಸಿದೆ. ಮೈಕಿನಲ್ಲೇ ಹೇಳಿಬಿಡೋಣ ಎನ್ನುವ ಒಂದು ಆಲೋಚನೆ ಬಂತು. ಹೇಳಿದ ಹಾಗೂ ಆಯಿತು, ಯಾರೂ ಕೇಳದ ಹಾಗೂ ಆಯಿತು! ಅದು ಎಷ್ಟು ಅನುಕೂಲದ ಆಲೋಚನೆಯೆಂದರೆ ಅದು ನನ್ನದೇ ಎಂದು ಕೂಡಲೇ ಗುರುತು ಸಿಕ್ಕಿತು. ಹಾಗಾಗಿ ಅದನ್ನು ಬಿಟ್ಟು ಇಷ್ಟನ್ನು ಬರೆದಿದ್ದೇನೆ. ನಾಳೆ ಇದರ ಪ್ರತಿಯನ್ನು ದಿನೇಶನ ಅಂಗಡಿಗೆ ನಾನೇ ಒಯ್ದು ಕೊಡುತ್ತೇನೆ. ಅವನು ಓದುವವರೆಗೆ ಎದುರಿಗೇ ಕೂತಿರುತ್ತೇನೆ. ಓದಿದ ಮೇಲೆ ಮೈಕನ್ನು ಅವನು ಬೇರೆಯವರ ಕೈಗೆ ಕೊಡಬಹುದು, ಕೊಡಲಿ. ಬದಲಿಗೆ ಕೀಪರ್ ಬರುತ್ತಾನೆ. ಈ ವ್ಯಾಪಾರದಲ್ಲಿ ಊರಿಗೆ ನಷ್ಟವಿಲ್ಲ. ಪ್ರಶಾಂತನ ಚೆಂಡು ಅವನ ಕೈ ಸೇರಿದರೆ ಬಂಡೆಕಲ್ಲಿನವರು ಟೆಂಪೋ ತರುವುದೇ ಬೇಕಾಗಿಲ್ಲ, ಬಸ್ಸಿನಲ್ಲಿ ಬಂದು ಬಸ್ಸಿನಲ್ಲಿ ಹೋಗಬಹುದು. ಗೆಲ್ಲುವುದು ನಾವೇ.

ಇಲ್ಲಿಗೆ ಮುಗಿಸಿ ಸುಮತಿಗೆ ಓದಿ ಹೇಳಿದೆ. ಅವಳು ಕೊನೆಯವರೆಗೆ ಕೇಳಿದಳು, ಇದೇ ಒಂದು ವಿಶೇಷ. ಆಮೇಲೆ, "ಎಲ್ಲ ಉಂಟು. ತಂಡ ಉಂಟು, ಸೊಂಟ ಉಂಟು, ಕೋಣವೂ ಉಂಟು. ತಪ್ಪಾಯ್ತು ಅಂತ ಆ ಹುಡುಗನಿಗೆ ಹೇಳಿದ್ದು ಎಲ್ಲುಂಟು?" ಎಂದಳು. ಹುಡುಕಿದೆ. ಇರಲಿಲ್ಲ. ವೆಲ್ಡಿಂಗ್ ಶಾಪಿನಲ್ಲಿ ಅಷ್ಟು ಹೊತ್ತು ನಿಂತು ಆಟದ ಬಗ್ಗೆ ಕೇಳಿದ್ದೇನೆ, ನನ್ನ ವಿವರಣೆಯ ಬಗ್ಗೆ ಕೇಳಿದ್ದೇನೆ, ಕ್ಷಮೆ ಮಾತ್ರ ಕೇಳಿಲ್ಲ. "ಅವನಿಗೊಂದು ಹೆಸರು ಆದ್ರೂ ಬೇಡ್ವಾ?" ಎಂದಳು. ಅದೂ ಹೌದು. ಎಲ್ಲರ ಮನೆ, ತಾಯಿ, ಸ್ಟಾಪು ಹೇಳಿದ ಮೈಕು ಇಷ್ಟು ವರ್ಷಗಳಲ್ಲಿ ಅವನನ್ನು "ನಮ್ಮ ಕೀಪರ್" ಎಂದು ಹೇಳಿ ಮುಗಿಸಿದೆ, ಒಮ್ಮೆಯೂ ಹೆಸರು ಹಿಡಿದು ಕರೆದಿಲ್ಲ. ಅವನ ಹೆಸರು ಯೋಗೀಶ.